ಕುಶಾಲನಗರದ ಹೊಳೆ ಬದಿ ಹೋಂಸ್ಟೇ, ಎರಡನೇ ಸಲ

ಮೊದಲೇ ಹೇಳಿಬಿಡುತ್ತೇನೆ, ಹೆಸರು ಹಾಕುವುದಿಲ್ಲ. ಇರುವುದೇ ಮೂರು ರೂಮು. "ಬರೆಯೋದಾದ್ರೆ ಬರೀರಿ, ಹೆಸರು ಮಾತ್ರ ಬೇಡ, ಈಗಲೇ ಶನಿವಾರ ಬಂದ್ರೆ ಫೋನ್ ಎತ್ತಿ ಎತ್ತಿ ಸಾಕಾಗಿದೆ" ಅಂದರು ಅಲ್ಲಿನ ಅಕ್ಕ. ಕುಶಾಲನಗರ ಬಸ್ ಸ್ಟ್ಯಾಂಡಿನಿಂದ ಆಟೋದಲ್ಲಿ ಐದು ನಿಮಿಷ. ಹಿತ್ತಲ ಬಾಗಿಲು ತೆಗೆದರೆ ಕಾವೇರಿ.

ಮೊದಲ ಸಲ ಇಲ್ಲಿಗೆ ಬಂದಿದ್ದೇ ಗ್ರಹಚಾರದಿಂದ. ಮಡಿಕೇರಿಯಲ್ಲಿ ದುಡ್ಡು ಕಟ್ಟಿ ಹಿಡಿದಿದ್ದ ರೂಮಿನವರು, ನಾವು ಕೊಪ್ಪ ದಾಟಿ ಸೇತುವೆ ಮೇಲೆ ಬರುವಾಗ ಫೋನ್ ಮಾಡಿ "ರೂಮ್ ಇಲ್ಲ ಸರ್" ಅಂದರು. ಆ ಸೇತುವೆಯ ಆಚೆ ಮೈಸೂರು ಜಿಲ್ಲೆ, ಈಚೆ ಕೊಡಗು. ರಾತ್ರಿ ಎಂಟು ಗಂಟೆ, ಜೋರು ಮಳೆ, ಜೊತೆಗೆ ಮಂಡಿ ನೋವಿನ ಅಮ್ಮ. ಆಟೋದವರೇ ಇವರ ಮನೆಗೆ ಕರೆತಂದರು. ಅಕ್ಕ ರೇಟು ಗೀಟು ಮಾತಾಡುವ ಮೊದಲೇ ಅಮ್ಮನ ಕೈಗೆ ಟವೆಲ್ಲು ಕೊಟ್ಟು, ಹಿಂದೆಯೇ ಬೆಲ್ಲದ ಕಾಫಿ ತಂದರು.

ಈ ಆಗಸ್ಟಿನಲ್ಲಿ ಮತ್ತೆ ಫೋನ್ ಮಾಡಿದಾಗ ಅವರು ಕೇಳಿದ್ದು, "ಅಮ್ಮಂಗೆ ಮಂಡಿ ಹೇಗಿದೆ? ಕೆಳಗಿನ ರೂಮೇ ಇಡ್ತೀನಿ."

ಊಟದ ಬಗ್ಗೆ ಜಾಸ್ತಿ ಬರೆಯಬೇಕು. ಬೆಳಿಗ್ಗೆ ಅಕ್ಕಿ ತರಿಯ ಉಂಡೆ ಕಡಂಬುಟ್ಟು, ಹಬೆ ಆಡುವ ಹಾಗೆಯೇ ತಟ್ಟೆಗೆ, ಜೊತೆಗೆ ಕೋಳಿ ಸಾರು. ರಾತ್ರಿ ಹಂದಿ ಕರಿ, ಕೊಡಗಿನ ಕಪ್ಪು ಹುಳಿ ರಸ ಕಾಚಂಪುಳಿ ಹಾಕಿ ಕಪ್ಪಗೆ ಮಾಡಿದ್ದು, ಹುಳಿ ನಾಲಿಗೆಯ ಬದಿಗೆ ಬಂದು ನಿಲ್ಲುತ್ತದೆ. ಅಮ್ಮ ಮಾಂಸ ತಿನ್ನುವುದಿಲ್ಲ, ಅವರಿಗೆ ಅಕ್ಕಿ ರೊಟ್ಟಿ, ಕಣಿಲೆ (ಎಳೆ ಬಿದಿರು) ಪಲ್ಯ. ಹೆಚ್ಚಿದ ಕಣಿಲೆಯನ್ನು ದಿನಾ ನೀರು ಬದಲಿಸಿ ನೆನೆಸಿಟ್ಟ ಮೇಲೇ ಒಲೆಗೆ ಹಾಕುವುದಂತೆ, ಇಲ್ಲದಿದ್ದರೆ ಕಹಿ. ಅಮ್ಮ ಎರಡು ಸಲ ಹಾಕಿಸಿಕೊಂಡರು, ಮನೆಯಲ್ಲಿ ನಾನು ಮಾಡಿದ್ದನ್ನು ಒಂದು ದಿನವೂ ಹೀಗೆ ಕೇಳಿದವರಲ್ಲ.

ಅಡುಗೆಮನೆ ಬಾಗಿಲ ಚೌಕಟ್ಟಿನಲ್ಲಿ ಪೆನ್ಸಿಲ್ ಗೀಟುಗಳಿವೆ. ಒಂದು ಕಡೆ ಮೊಮ್ಮಗನ ಎತ್ತರ, ಇನ್ನೊಂದು ಕಡೆ ಹೊಳೆಯದ್ದು: 2018, 2019. ಎರಡನೆಯದು ನನ್ನ ಸೊಂಟಕ್ಕೆ ಬಂತು. ಬಣ್ಣ ಹೊಡೆಸುವಾಗಲೂ ಆ ಪಟ್ಟಿಯನ್ನು ಹಾಗೇ ಬಿಟ್ಟಿದ್ದಾರೆ. ರಾತ್ರಿ ಮಳೆ ಜೋರಾದರೆ ಅಕ್ಕ ಟಾರ್ಚ್ ಹಿಡಿದು ಹಿತ್ತಲಿಗೆ ಹೋಗಿ ಹೊಳೆ ನೋಡಿ ಬರುತ್ತಾರೆ. ನಾವಿದ್ದ ಎರಡು ರಾತ್ರಿಯೂ ಹೋದರು.

ಮಳೆಗಾಲದಲ್ಲಿ ಸುತ್ತಾಟ ಅಷ್ಟಕ್ಕಷ್ಟೇ. ಹೊಳೆ ಏರಿದ್ದರಿಂದ ನಿಸರ್ಗಧಾಮದ ತೂಗುಸೇತುವೆ ಬಂದ್ ಆಗಿತ್ತು, ದುಬಾರೆ ಆನೆ ಶಿಬಿರದ ಆಸೆ ಅಲ್ಲಿಗೇ ಬಿಟ್ಟೆವು. ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ಲಿಗೆ ಹೋಗಿ ಬಂದೆವು. 1960ರ ದಶಕದಿಂದ ಟಿಬೆಟಿನವರು ನೆಲೆಸಿರುವ ಜಾಗ ಅದು. ವಾಪಸ್ ಬರುವಾಗ ಕುಶಾಲನಗರದ ತರಕಾರಿ ಅಂಗಡಿಯಲ್ಲಿ ಒಬ್ಬ ಟಿಬೆಟಿನ ಅಜ್ಜಿ ಕೊತ್ತಂಬರಿ ಕಟ್ಟಿಗೆ ನನಗಿಂತ ಚೆನ್ನಾಗಿ ಕನ್ನಡದಲ್ಲಿ ಚೌಕಾಸಿ ಮಾಡುತ್ತಿದ್ದರು.

ಕೊರತೆ ಇಲ್ವಾ ಅಂದರೆ ಇದೆ. ಕರೆಂಟ್ ಹೋದರೆ ಗೀಸರಿಲ್ಲ, ಬಿಸಿನೀರು ಹಂಡೆಯಿಂದಲೇ ಹೊತ್ತು ತರಬೇಕು. ಬಟ್ಟೆ ಒಣಗುವುದಿಲ್ಲ, ಒಂದು ಜೊತೆ ಜಾಸ್ತಿ ಇಟ್ಟುಕೊಳ್ಳಿ. ಕಾರು ರಸ್ತೆಯಲ್ಲೇ ನಿಲ್ಲಿಸಬೇಕು. ಊಟ ಸೇರಿ ಒಬ್ಬರಿಗೆ ದಿನಕ್ಕೆ 1,500 ಕೊಟ್ಟೆವು.

ಅಕ್ಟೋಬರಿನ ತುಲಾ ಸಂಕ್ರಮಣದ ವಾರ ಕೇಳಲೇಬೇಡಿ, ತಲಕಾವೇರಿಗೆ ಹೋಗುವ ಅವರ ನೆಂಟರೇ ಮೂರೂ ರೂಮು ತುಂಬಿರುತ್ತಾರೆ.