ಮನೆಯ ಶುಗರ್ ಮಷೀನು: ವರ್ಷಗಟ್ಟಲೆ ಬಳಸಿದ ಮೇಲೆ

ಹಳೇ ಸಕ್ಕರೆ ಕಾಯಿಲೆ ಇರುವ ಮನೆಯಲ್ಲಿ ಗ್ಲುಕೋಮೀಟರ್ ಇರಲೇಬೇಕು. ಆದರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಮ್ಮೆ ನೋಡಿ ಎತ್ತಿಡುವವರಿಗೆ ಅದರಿಂದ ಅರ್ಧ ಲಾಭವೂ ಇಲ್ಲ. ಮಾತ್ರೆಗೂ ಜಗ್ಗದ ಶುಗರ್ ಯಾವ ಊಟಕ್ಕೆ ಏರುತ್ತಿದೆ ಅನ್ನುವುದು ಜೋಡಿ ಪರೀಕ್ಷೆಯಲ್ಲೇ ಗೊತ್ತಾಗುವುದು: ಊಟಕ್ಕೆ ಮುಂಚೆ ಒಂದು, ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಂದು.

ಕೋಲಾರದ ಕಡೆ ಮುದ್ದೆಗೆ ಶುಗರ್ ಏರುವುದಿಲ್ಲ ಎಂದು ನಂಬಿದವರು ಬಹಳ. ನುಣ್ಣಗೆ ಬೀಸಿದ ರಾಗಿ ಹಿಟ್ಟೂ ಪಿಷ್ಟವೇ. ಒಂದು ದಿನ ಎಂದಿನ ಮುದ್ದೆ, ಇನ್ನೊಂದು ದಿನ ಅದರ ಅರ್ಧಕ್ಕೆ ಸೊಪ್ಪು, ಕಾಳು ಹೆಚ್ಚು ಹಾಕಿದ ಬಸ್ಸಾರು. ಎರಡೂ ದಿನದ ಏರಿಕೆ ಬರೆದು ಹೋಲಿಸಿ. ಊಟದ ನಂತರ 180ರ (mg/dL) ಒಳಗಿರುವುದು ಸಾಮಾನ್ಯ ಗುರಿ. ವಯಸ್ಸಾದವರಿಗೆ ಡಾಕ್ಟರು ಸಡಿಲಿಸಬಹುದು.

ಮಲಗುವಾಗ ಸರಿಯಿದ್ದು ಬೆಳಿಗ್ಗೆ ಮಾತ್ರ ಜಾಸ್ತಿ ಬರುತ್ತಿದ್ದರೆ, ಒಂದೆರಡು ರಾತ್ರಿ 3 ಗಂಟೆಗೆ ಎದ್ದು ನೋಡಿ. ಆಗಲೂ ಸರಿಯಿದ್ದರೆ ನಸುಕಿನಲ್ಲಿ ಯಕೃತ್ತು ಸಕ್ಕರೆ ಬಿಡುತ್ತಿದೆ ಎಂದು ಊಹಿಸಬಹುದು. 70ಕ್ಕಿಂತ ಕಡಿಮೆ ಇದ್ದರೆ ತಕ್ಷಣ ಮೂರು ಟೀ ಚಮಚ ಸಕ್ಕರೆಯನ್ನು ನೀರಲ್ಲಿ ಕದಡಿ ಕುಡಿದು, 15 ನಿಮಿಷಕ್ಕೆ ಮತ್ತೆ ನೋಡಬೇಕು. ಆಮೇಲೆ ಡಾಕ್ಟರಿಗೆ ಹೇಳಲೇಬೇಕು.

ತಪ್ಪು ಅಂಕಿ ಬಂದಾಗ ಮಷೀನನ್ನು ಬೈಯುವ ಮುಂಚೆ ಬೆರಳು ನೋಡಿಕೊಳ್ಳಿ. ಶ್ರೀನಿವಾಸಪುರದ ಮಾವಿನಹಣ್ಣು ಹೆಚ್ಚಿದ ಕೈ, ಚಿಕ್ಕಬಳ್ಳಾಪುರದ ದ್ರಾಕ್ಷಿ ಬಿಡಿಸಿದ ಕೈ ಹಾಗೇ ಚುಚ್ಚಿದರೆ ಚರ್ಮದ ಮೇಲಿನ ಸಕ್ಕರೆಯೂ ಲೆಕ್ಕಕ್ಕೆ ಬರುತ್ತದೆ. ಸ್ಯಾನಿಟೈಸರ್ ಸಾಲದು. ಸೋಪು, ನೀರು ಹಾಕಿ ತೊಳೆದು ಪೂರ್ತಿ ಒರೆಸಬೇಕು, ಒದ್ದೆ ಉಳಿದರೆ ರಕ್ತ ತೆಳುವಾಗುತ್ತದೆ. ಕೈ ಸ್ವಲ್ಪ ಹೊತ್ತು ಇಳಿಬಿಟ್ಟು ಬೆರಳ ತುದಿಯ ಪಕ್ಕಕ್ಕೆ ಚುಚ್ಚಿ. ನಡುವೆ ಚುಚ್ಚಿದರೆ ನೋವು ಹೆಚ್ಚು. ಬಲವಾಗಿ ಹಿಂಡಬೇಡಿ.

ಮಷೀನು ಅಗ್ಗ, ಖರ್ಚೆಲ್ಲ ರಕ್ತದ ಹನಿ ಮುಟ್ಟಿಸುವ ಸ್ಟ್ರಿಪ್‌ಗೆ. ಬಾಗೇಪಲ್ಲಿಯಲ್ಲೋ ಮುಳಬಾಗಿಲಲ್ಲೋ ಇರುವವರು ಯಾವ ಸ್ಟ್ರಿಪ್ ತಮ್ಮೂರ ಮೆಡಿಕಲ್ ಸ್ಟೋರಿನಲ್ಲಿ ಸದಾ ಸಿಗುತ್ತದೆ ಎಂದು ಕೇಳಿಕೊಂಡೇ ಮಷೀನು ಆರಿಸಿ. ಡಬ್ಬಿ ತೆರೆದ ತಾರೀಖನ್ನು ಅದರ ಮೇಲೇ ಪೆನ್ನಿನಲ್ಲಿ ಬರೆಯಿರಿ. ತೆರೆದ ಮೇಲೆ ಎಷ್ಟು ತಿಂಗಳು ಅನ್ನುವುದು ಲೇಬಲ್‌ನಲ್ಲಿರುತ್ತದೆ. ಸ್ಟ್ರಿಪ್ ತೆಗೆದ ಕೂಡಲೇ ಮುಚ್ಚಳ ಒತ್ತಿ ಮುಚ್ಚಿ. ಬೇಸಿಗೆಯಲ್ಲಿ ಸ್ಕೂಟರ್ ಡಿಕ್ಕಿಯಲ್ಲಿ ಇಡಲೇಬಾರದು, ಕಾವಿಗೆ ಸ್ಟ್ರಿಪ್‌ನ ಕಿಣ್ವ ಕೆಡುತ್ತದೆ.

ಅಂಕಿಯನ್ನು ಅತಿಯಾಗಿ ನಂಬಬೇಡಿ. ಅಂತಾರಾಷ್ಟ್ರೀಯ ಮಾನದಂಡವೇ 100ರ ಮೇಲೆ ಶೇ. 15ರಷ್ಟು ಆಚೀಚೆ ಒಪ್ಪುತ್ತದೆ. 200 ಇದ್ದದ್ದು 175 ಎಂದೋ 225 ಎಂದೋ ಬರಬಹುದು. ಲ್ಯಾಬಿನ ಜೊತೆ ಹೋಲಿಸುವುದಾದರೆ ಖಾಲಿ ಹೊಟ್ಟೆಯಲ್ಲೇ ಹೋಲಿಸಿ, ಊಟವಾದ ಮೇಲೆ ಬೆರಳಿನ ರಕ್ತದಲ್ಲಿ ಸಕ್ಕರೆ ಲ್ಯಾಬಿನವರು ತೋಳಿನ ರಕ್ತನಾಳದಿಂದ ತೆಗೆಯುವ ರಕ್ತಕ್ಕಿಂತ ಹೆಚ್ಚಿರುತ್ತದೆ. ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಲ್ಯಾಬ್ ಪರೀಕ್ಷೆ) ಶೇ. 8 ಅಂದರೆ ಸರಾಸರಿ ಸುಮಾರು 183. ಮನೆಯ ಅಂಕಿಗಳು ಅದಕ್ಕಿಂತ ತೀರಾ ಕಡಿಮೆಯಿದ್ದರೆ ಊಟದ ನಂತರದ ಏರಿಕೆ ನಿಮ್ಮ ಕಣ್ಣು ತಪ್ಪಿಸುತ್ತಿರಬಹುದು. ರಕ್ತಹೀನತೆಯೂ ಕಾರಣವಿರಬಹುದು: ಕಬ್ಬಿಣದ ಕೊರತೆ ಎಚ್‌ಬಿಎ1ಸಿಯನ್ನು ಏರಿಸಿ ತೋರಿಸುತ್ತದೆ. ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.

ಸೆಲ್ ಬದಲಿಸಿದಾಗ ತಾರೀಖು, ಗಂಟೆ ಸರಿ ಮಾಡಿಕೊಳ್ಳಿ. ಇಲ್ಲದಿದ್ದರೆ ಮೆಮೊರಿ ನೋಡುವ ಡಾಕ್ಟರು ರಾತ್ರಿಯ ಅಂಕಿಯನ್ನು ಬೆಳಗಿನದೆಂದು ಓದಿ ಔಷಧಿ ಬದಲಿಸುವ ಸಾಧ್ಯತೆ ಇದೆ. ಏನು ತಿಂದಿರಿ ಅನ್ನುವುದು ಮೆಮೊರಿಯಲ್ಲಿ ಇರುವುದಿಲ್ಲ, ಅದಕ್ಕೊಂದು ನೋಟ್‌ಬುಕ್ ಇಟ್ಟು ಜೊತೆಗೆ ಒಯ್ಯಿರಿ.