ಕಲ್ಲಿನ ಗೋಡೆಯ ಮನೆಗೆ ನೆಟ್ ವೈರಿಂಗ್: ಎರಡು ವರ್ಷ ಬಳಸಿದ ಮೇಲೆ

ಹಳೆ ಮನೆ ರಿಪೇರಿ ಮಾಡಿಸುವಾಗ ಗೋಡೆಯೊಳಗೆ ಇಂಟರ್ನೆಟ್ ವೈರ್ ಹಾಕಿಸಿದೆವು. ಇಡೀ ಖರ್ಚಿನಲ್ಲಿ ನನಗೆ ಜಾಸ್ತಿ ಸಮಾಧಾನ ಕೊಟ್ಟ ಕೆಲಸ ಅದೇ. ಆದರೂ ಬರೆಯಲು ಕೂತಿದ್ದು ಬರೀ ಹೊಗಳುವುದಕ್ಕಲ್ಲ. ವೈರಿನ ತುದಿಗೆ ಹಾಕುವ ಚಿಕ್ಕ ಪ್ಲಾಸ್ಟಿಕ್ ಪಿನ್ನಿನೊಳಗೆ ಬಣ್ಣದ ಕ್ರಮ ತಪ್ಪಿತ್ತು. ಅದೊಂದರಿಂದ ನಮ್ಮ ಮೇಲಿನ ಕೋಣೆ ತಿಂಗಳುಗಟ್ಟಲೆ ಕಾಡಿತು. ಮನೆ ಕಟ್ಟಿಸುವವರಿಗೆ ಈ ಒಂದು ವಿಷಯ ಗೊತ್ತಿರಲೇಬೇಕು.

ಮನೆ ಇರುವುದು ವಿಜಯಪುರದಲ್ಲಿ, ಗಾಂಧಿ ಚೌಕದ ಹತ್ತಿರದ ಹಳೆ ಓಣಿಯಲ್ಲಿ. ಗೋಡೆಗಳು ಎರಡಡಿ ದಪ್ಪದ ಕಲ್ಲಿನವು. ಮೇಲೆ ಮಣ್ಣಿನ ಮಾಳಿಗೆ ಇತ್ತು, ಮಳೆಗಾಲದಲ್ಲಿ ಸೋರುತ್ತಿತ್ತು. ಅದನ್ನು ತೆಗೆಸಿ, ಪಿಲ್ಲರ್ ಎಬ್ಬಿಸಿ, ಸ್ಲ್ಯಾಬ್ ಹಾಕಿಸಿ, ಮೇಲೊಂದು ಕೋಣೆ ಕಟ್ಟಿಸಿದೆವು. ಬೇಸಿಗೆಯಲ್ಲಿ ಈ ಕಲ್ಲಿನ ಗೋಡೆಯಷ್ಟು ತಂಪು ಯಾವುದೂ ಕೊಡುವುದಿಲ್ಲ. ಆದರೆ ವೈಫೈಗೆ ಅದು ಶತ್ರು. ರೂಟರ್ ಪಡಸಾಲೆಯಲ್ಲಿದ್ದರೆ ಅಡುಗೆಮನೆಯಲ್ಲಿ ಒಂದೇ ಗೆರೆ ಸಿಗ್ನಲ್. ವೈಫೈಯ ಅಲೆಗಳಲ್ಲಿ ವೇಗ ಕೊಡುವ 5 ಗಿಗಾಹರ್ಟ್ಸ್ ಇಂಥ ಗೋಡೆ ದಾಟುವಷ್ಟರಲ್ಲಿ ಸತ್ತೇ ಹೋಗುತ್ತದೆ. 2.4 ಗಿಗಾಹರ್ಟ್ಸ್ ಹೇಗೋ ದಾಟುತ್ತದೆ, ಆದರೆ ಓಣಿಯ ಅಷ್ಟೂ ಮನೆಗಳ ರೂಟರ್‌ಗಳು ಅದರಲ್ಲೇ ಕಿಕ್ಕಿರಿದಿವೆ. ಮೆಶ್ ಹಾಕಿಸಿ, ಅಂದರೆ ಅಲ್ಲಲ್ಲಿ ಇಟ್ಟು ಒಂದರಿಂದೊಂದಕ್ಕೆ ಸಿಗ್ನಲ್ ದಾಟಿಸುವ ಡಬ್ಬಿಗಳನ್ನು ಹಾಕಿಸಿ ಅಂತ ಸುಮಾರು ಜನ ಹೇಳಿದರು. ವೈರ್ ಇಲ್ಲದ ಮೆಶ್ ಕೂಡ ಅದೇ ಗೋಡೆಯನ್ನೇ ದಾಟಬೇಕಲ್ವಾ?

"ಗ್ವಾಡ್ಯಾಗ ಯಾಕ್ರೀ ಸರ ಇದೆಲ್ಲಾ? ವೈಫೈ ಐತಲ್ರೀ" ಅಂತ ನಮ್ಮ ಗೌಂಡಿ ಶುರುವಿನಲ್ಲಿ ಗೊಣಗಿದ. ಕಲ್ಲನ್ನು ಕೊರೆಯುವ ಕೆಲಸ ಬೀಳುತ್ತದೆ ಅನ್ನುವುದು ಅವನ ಚಿಂತೆ. ಅದು ಸುಳ್ಳೂ ಅಲ್ಲ. ಇಟ್ಟಿಗೆ ಗೋಡೆಯಲ್ಲಿ ಕಟರ್ ಹಿಡಿದು ಗೆರೆ ಕೊಯ್ದಂತೆ ಇದರಲ್ಲಿ ಆಗುವುದಿಲ್ಲ. ಅದಕ್ಕೇ ಪೈಪ್‌ಗಳನ್ನು ಎರಡೇ ದಾರಿಯಲ್ಲಿ ಓಡಿಸಿದೆವು. ಹಳೆ ಫರ್ಸಿ ಹೇಗೂ ಎಬ್ಬಿಸುತ್ತಿದ್ದೆವು, ಹಾಗಾಗಿ ಕೆಳಗಿನ ಕೋಣೆಗಳಿಗೆ ನೆಲದಡಿ. ಮೇಲಿನ ಕೋಣೆಗೆ ಮತ್ತು ಚಾವಣಿಗೆ ಸ್ಲ್ಯಾಬಿನೊಳಗೆ, ಕಾಂಕ್ರೀಟ್ ಸುರಿಯುವ ಮೊದಲು. ಸ್ಲ್ಯಾಬ್ ಬಿದ್ದ ಮೇಲೆ ನೆನಪಾದರೆ ಮುಗಿಯಿತು, ಆಮೇಲೆ ಗೋಡೆಯ ಮೇಲೆ ವೈರ್ ಮುಚ್ಚುವ ಬಿಳಿ ಪಟ್ಟಿ ಹೊಡೆಸಿಕೊಂಡು ಇರಬೇಕು.

ಪೈಪ್ 25 ಎಂಎಂ ಇರಲಿ. 20 ಎಂಎಂ ಪೈಪಿನಲ್ಲಿ ಕ್ಯಾಟ್ 6 ದರ್ಜೆಯ ಎರಡು ನೆಟ್ ಕೇಬಲ್ ಹೋಗುತ್ತವೆ, ಆದರೆ ಒಂದೆರಡು ಬೆಂಡ್ ಬಂದರೆ ಎಳೆಯುವಾಗ ಕೇಬಲ್ ಮೇಲೆ ಜೋರು ಬೀಳುತ್ತದೆ. ಕರೆಂಟಿನ ವೈರ್ ಇರುವ ಪೈಪಿನಲ್ಲಿ ಇದನ್ನು ಯಾವ ಕಾರಣಕ್ಕೂ ಹಾಕಬೇಡಿ. ಅದು ಸಿಗ್ನಲ್ ಪ್ರಶ್ನೆ ಮಾತ್ರ ಅಲ್ಲ, ಜೀವದ ಪ್ರಶ್ನೆ. ಎರಡೂ ಪೈಪ್ ಪಕ್ಕಪಕ್ಕ ಓಡಬೇಕಾಗಿ ಬಂದರೆ ನಡುವೆ ಒಂದಡಿ ಬಿಡಿಸಿ. ದಾಟಲೇಬೇಕಾದ ಕಡೆ ನೇರ ಅಡ್ಡಲಾಗಿ ದಾಟಿಸಿ.

ಉದ್ದನೆಯ ಪೈಪ್‌ಗೆ ನಡುವೆ ಒಂದು ಬಾಕ್ಸ್ ಬಿಡಿಸಲು ನಾನು ಹಟ ಹಿಡಿದೆ. ನಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇಗಂ ತಲಾಬಿನಿಂದ ಊರಿಗೆ ಮಣ್ಣಿನ ಕೊಳವೆಯಲ್ಲಿ ನೀರು ತಂದ ಆದಿಲ್‌ಶಾಹಿಗಳು ದಾರಿಯುದ್ದಕ್ಕೂ ಗಂಜ್ ಅನ್ನುವ ಗೋಪುರ ಕಟ್ಟಿದರು. ಕೊಳವೆಯಲ್ಲಿನ ಒತ್ತಡ ಅಲ್ಲಿ ಇಳಿಯಬೇಕು, ಕಸ ಅಲ್ಲಿ ತಂಗಬೇಕು. ಪೈಪ್ ಹೂತ ಮೇಲೂ ನಡುವೆ ಕೈ ಹೋಗುವ ಜಾಗ ಬೇಕು ಅನ್ನುವ ಬುದ್ಧಿ ಈ ಊರಿಗೆ ಮುನ್ನೂರೈವತ್ತು ವರ್ಷಕ್ಕೂ ಹಿಂದಿನದು. ಖಾಲಿ ಬಿಟ್ಟ ಪೈಪ್‌ಗಳಲ್ಲಿ ನೈಲಾನ್ ಹುರಿ ಹಾಯಿಸಿ ತುದಿ ಕಟ್ಟಿಟ್ಟಿದ್ದೇವೆ. ಮುಂದೆ ಯಾವ ವೈರ್ ಬಂದರೂ ಅದನ್ನು ಎಳೆಯುವ ಸ್ಪ್ರಿಂಗ್ ಹುಡುಕುವ ಕೆಲಸ ಇಲ್ಲ.

ಕೇಬಲ್ ವಿಷಯ ಬೇಗ ಮುಗಿಸುತ್ತೇನೆ. ಕ್ಯಾಟ್ 6 ಸಾಕು. 100 ಮೀಟರ್‌ವರೆಗೆ 1 ಗಿಗಾಬಿಟ್ ಕೊಡುತ್ತದೆ, ಸುಮಾರು 55 ಮೀಟರ್‌ವರೆಗೆ 10 ಗಿಗಾಬಿಟ್ ಕೂಡ. ನಮ್ಮ ಮನೆಯ ಅತಿ ಉದ್ದದ ಎಳೆ 25 ಮೀಟರ್ ದಾಟುವುದಿಲ್ಲ. ಕ್ಯಾಟ್ 6ಎ ದಪ್ಪ, ಬಿರುಸು, ದುಬಾರಿ. ನನ್ನ ಬಜೆಟ್ಟಿಗೆ ಅದು ಬೇಕಿರಲಿಲ್ಲ. ಆದರೆ ತಾಮ್ರ ಅಸಲಿ ಇರಬೇಕು. ಅರ್ಧ ಬೆಲೆಗೆ ಸಿಗುವ ಬಾಕ್ಸ್‌ಗಳಲ್ಲಿ ಅಲ್ಯುಮಿನಿಯಂ ತಂತಿಗೆ ತಾಮ್ರದ ಲೇಪ ಇರುತ್ತದೆ. ಒಂದು ಎಳೆಯನ್ನು ಚಾಕುವಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. 305 ಮೀಟರ್‌ನ ಬಾಕ್ಸ್ ನನಗೆ ಸುಮಾರು 9 ಸಾವಿರಕ್ಕೆ ಬಿತ್ತು.

ಈಗ ಇದರ ಸುಖ ಹೇಳುತ್ತೇನೆ.

ಅವ್ವ ಬೆಳಿಗ್ಗೆ ಕಟ್ಟೆ ತೊಳೆದು, ರಂಗೋಲಿ ಹಾಕಿ, ಚಹಾ ಸೋಸಿಕೊಂಡು ಪಡಸಾಲೆಯಲ್ಲಿ ಕೂಡುತ್ತಾಳೆ. ಟಿವಿಯಲ್ಲಿ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಹಳೆಯ ಪ್ರವಚನ ಹಚ್ಚುತ್ತಾಳೆ. ಸ್ವಾಮೀಜಿಯವರನ್ನು ನಾವು ಅಪ್ಪಾವರು ಅನ್ನುವುದು; ಅಪ್ಪಾವರ ಮಾತು ಎಷ್ಟು ಮೆಲ್ಲಗೆ, ಎಷ್ಟು ಬಿಡುವು ಕೊಟ್ಟು ಬರುತ್ತದೆ ಅನ್ನುವುದು ಕೇಳಿದವರಿಗೆ ಗೊತ್ತು. ಮೊದಲು ಆ ಬಿಡುವಿನ ನಡುವೆ ಪರದೆಯ ಮೇಲೆ ಚಕ್ರ ತಿರುಗುತ್ತಿತ್ತು. ಅಪ್ಪಾವರೇ ಸುಮ್ಮನಾದರೋ, ನೆಟ್ ನಿಂತಿತೋ ಅಂತ ಅವ್ವ ನನ್ನನ್ನು ಕೂಗುತ್ತಿದ್ದಳು. ಟಿವಿಗೆ ವೈರ್ ಸಿಕ್ಕಿಸಿದ ದಿನದಿಂದ ಆ ಕೂಗು ನಿಂತಿದೆ. ಟಿವಿ, ಕಂಪ್ಯೂಟರ್, ಕ್ಯಾಮೆರಾ ಎಲ್ಲ ವೈರ್ ಮೇಲೆ ಹೋದವು. ಹಾಗಾಗಿ ವೈಫೈ ಮೊಬೈಲುಗಳಿಗೆ ಮಾತ್ರ ಉಳಿಯಿತು, ಅದೂ ಹಗುರಾಯಿತು.

ನಾನು ಎಣಿಸದೇ ಇದ್ದ ಸುಖ ಇನ್ನೊಂದಿದೆ: ಕರೆಂಟ್ ಹೋದಾಗಿನದು. ಚಾವಣಿಗೆ ಅಂಟಿಸಿದ ಎರಡು ವೈಫೈ ಡಬ್ಬಿಗಳಿಗೆ ಅಡಾಪ್ಟರ್ ಇಲ್ಲ. ನೆಟ್ ವೈರಿನಲ್ಲೇ ಕರೆಂಟ್ ಹೋಗುತ್ತದೆ. ಇದಕ್ಕೆ ಪಿಒಇ ಅನ್ನುತ್ತಾರೆ. ಮೊದಲ ದರ್ಜೆಯ ಪಿಒಇಯಲ್ಲಿ ಸ್ವಿಚ್ (ನೆಟ್ಟನ್ನು ಹಲವು ವೈರ್‌ಗಳಿಗೆ ಹಂಚುವ ಡಬ್ಬಿ) ಒಂದು ಪೋರ್ಟಿಗೆ 15.4 ವಾಟ್‌ವರೆಗೆ ಕೊಡಬಲ್ಲದು, ಇಂಥ ಡಬ್ಬಿಗೆ ಅದು ಧಾರಾಳ. ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಫೈಬರಿನ ಡಬ್ಬಿ, ರೂಟರ್, ಸ್ವಿಚ್ ಮೂರೂ ಇವೆ. ಆ ಒಂದು ಸಾಕೆಟ್ಟಿಗೆ ಇನ್ವರ್ಟರ್ ಲೈನ್ ಕೊಟ್ಟರೆ ಮನೆಯ ಇಡೀ ನೆಟ್ ಬದುಕುತ್ತದೆ. ಇನ್ವರ್ಟರ್ ಹಿಂದೆ ಯುಪಿಎಸ್ ಮೋಡ್‌ನ ಗುಂಡಿ ಇರುತ್ತದೆ, ಅದನ್ನು ಹಾಕಿಡಿ. ಇಲ್ಲದಿದ್ದರೆ ಕರೆಂಟ್ ಬದಲಾಗುವ ಆ ಕ್ಷಣದಲ್ಲಿ ರೂಟರ್ ಬಂದ್ ಆಗಿ ಮತ್ತೆ ಮೊದಲಿಂದ ಶುರುವಾಗುತ್ತದೆ. ಮೇ ತಿಂಗಳ ಅಡ್ಡಮಳೆಗೆ ಓಣಿಯೆಲ್ಲ ಕತ್ತಲಾದಾಗಲೂ ನನ್ನ ಆಫೀಸಿನ ಕರೆ ಕಡಿಯುವುದಿಲ್ಲ. ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಲೆಕ್ಕ ಬರೆಯುವವನಿಗೆ ಇದು ಸಣ್ಣ ಮಾತಲ್ಲ.

ಇನ್ನು ಮೇಲಿನ ಕೋಣೆ. ಇಲ್ಲಿ ನನ್ನ ಸಿಟ್ಟು ಇನ್ನೂ ಆರಿಲ್ಲ.

ನನ್ನ ಹೆಂಡತಿ ಸಂಜೆ ಹೊತ್ತು ಅಲ್ಲಿ ಕೂತು ಆನ್‌ಲೈನ್‌ನಲ್ಲಿ ಗಣಿತ ಕಲಿಸುತ್ತಾಳೆ. ಪಾಠದ ನಡುವೆ ಚಿತ್ರ ನಿಲ್ಲುತ್ತಿತ್ತು. ಮಕ್ಕಳು "ಟೀಚರ್, ಕೇಳಸ್ತಿಲ್ರೀ" ಅನ್ನುವುದು ಕೆಳಗಿನವರೆಗೂ ಕೇಳುತ್ತಿತ್ತು. ಕೆಲವು ಸೆಕೆಂಡಿಗೆ ಮತ್ತೆ ಸರಿ. ಸ್ವಿಚ್ಚಿನಲ್ಲಿ ಆ ಕೋಣೆಯ ದೀಪ ಒಮ್ಮೆ ಹಸಿರು, ಒಮ್ಮೆ ಹಳದಿ. ನಮ್ಮ ಸ್ವಿಚ್ಚಿನಲ್ಲಿ ಹಸಿರು ಅಂದರೆ 1,000 ಎಂಬಿಪಿಎಸ್, ಹಳದಿ ಅಂದರೆ 100. ಪಾಠಕ್ಕೆ 100 ಸಾಕು. ಆದರೆ ಒಂದರಿಂದ ಇನ್ನೊಂದಕ್ಕೆ ಜಾರುವಾಗ ಸಂಪರ್ಕವೇ ಬಿದ್ದು ಏಳುತ್ತದೆ. ಪಾಠ ಕಡಿಯುತ್ತಿದ್ದದ್ದು ಅಲ್ಲಿ.

ವೈರ್‌ಗಳ ತುದಿ ಕೂಡಿಸಿದ್ದು ಕ್ಯಾಮೆರಾ ಹಾಕುವ ಹುಡುಗರು. ಕೆಳಗಿನ ಕೋಣೆಗಳನ್ನು ಮಾಡಿದವನು ಚೊಕ್ಕವಾಗಿ ಮಾಡಿದ್ದ. ಮೇಲಿನದಕ್ಕೆ ಬಂದವನು ಬೇರೆ. ದೂರು ಹೇಳಿದಾಗ ನೆಟ್ ಕೇಬಲ್ ನೋಡುವ ದೀಪದ ಟೆಸ್ಟರ್ ತಂದ. ಎರಡೂ ತುದಿಗೆ ಸಿಕ್ಕಿಸಿದ. ಒಂದರಿಂದ ಎಂಟರವರೆಗೆ ದೀಪ ಸಾಲಾಗಿ ಹತ್ತಿದವು. "ನೋಡ್ರೀ ಸರ, ಎಂಟೂ ಬರಾಕತ್ತಾವ. ವೈರ್ ಓಕೆ ಐತ್ರೀ. ನಿಮ್ಮ ಕಂಪ್ಯೂಟರ್ ನೋಡಸ್ರಿ" ಅಂದ. ಕಂಪ್ಯೂಟರ್ ಬದಲಿಸಿ ನೋಡಿದೆವು. ಸ್ವಿಚ್ಚಿನ ಪೋರ್ಟ್ ಬದಲಿಸಿದೆವು. ಏನೂ ಫರಕು ಇಲ್ಲ.

ಕೊನೆಗೆ ಪ್ಲೇಟ್ ಬಿಚ್ಚಿ, ಪಾರದರ್ಶಕ ಪಿನ್ನನ್ನು ಬೆಳಕಿಗೆ ಹಿಡಿದು ನೋಡಿದೆ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ಹಸಿರು, ಬಿಳಿ-ನೀಲಿ, ನೀಲಿ, ಬಿಳಿ-ಕಂದು, ಕಂದು. ಜೋಡಿಗಳು ಸಾಲಾಗಿ ಕೂತಿವೆ, ನೋಡಲು ಎಷ್ಟು ಚಂದ! ಇನ್ನೊಂದು ತುದಿಯಲ್ಲೂ ಹಾಗೇ. ಮತ್ತೆ ಕರೆಸಿ ಕೇಳಿದರೆ, "ಎರಡೂ ಕಡೆ ಒಂದ ನಮೂನಿ ಇದ್ರ ಸಾಕ್ರೀ ಸರ" ಅಂದ. ಈ ಮಾತನ್ನು ಆಮೇಲೆ ಬೇರೆಯವರ ಬಾಯಲ್ಲೂ ಕೇಳಿದ್ದೇನೆ. ಇದು ತಪ್ಪು. ಪೂರ್ತಿ ತಪ್ಪು.

ಕೇಬಲ್ ಒಳಗೆ ಒಂದೊಂದು ಬಣ್ಣದ ಎರಡೆರಡು ಎಳೆ ಹುರಿ ಹೊಸೆದಿರುತ್ತದೆ. ಒಂದು ಜೋಡಿಯ ಎರಡು ಎಳೆಯಲ್ಲಿ ಒಂದೇ ಸಿಗ್ನಲ್ ಉಲ್ಟಾ-ಸೀದಾ ಹೋಗುತ್ತದೆ. ಹೊರಗಿನ ಗದ್ದಲ ಎರಡರ ಮೇಲೂ ಸಮನಾಗಿ ಬೀಳುತ್ತದೆ, ಆಚೆ ತುದಿಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದಾಗ ಗದ್ದಲ ಅಳಿದು ಸಿಗ್ನಲ್ ಉಳಿಯುತ್ತದೆ. ಪಿನ್ನಿನ ಎಂಟು ಜಾಗಗಳಲ್ಲಿ 1 ಮತ್ತು 2 ಒಂದು ಜೋಡಿ. 4 ಮತ್ತು 5 ಒಂದು, 7 ಮತ್ತು 8 ಒಂದು. ಆದರೆ ಇನ್ನೊಂದು ಜೋಡಿ ಕೂಡುವುದು 3 ಮತ್ತು 6ರಲ್ಲಿ. ನಡುವಿನ 4-5 ಹಳೆ ಟೆಲಿಫೋನ್ ಜಾಗ, ಅದಕ್ಕೇ ಈ ಜೋಡಿ ಅದರ ಆಚೀಚೆ ಕೂಡುತ್ತದೆ. ಹಾಗಾಗಿ ಸರಿಯಾದ ಕ್ರಮ ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಇದರ ಹೆಸರು ಟಿ568ಬಿ. ಆ ಹುಡುಗ ಮಾಡಿದಂತೆ ಮಾಡಿದರೆ 3ರಲ್ಲಿ ಹಸಿರಿನ ಎಳೆ, 6ರಲ್ಲಿ ನೀಲಿಯ ಎಳೆ. ಒಂದೇ ಸಿಗ್ನಲ್‌ನ ಎರಡು ಎಳೆ ಬೇರೆ ಬೇರೆ ಹುರಿಯಲ್ಲಿ ಓಡುತ್ತವೆ, ಪಕ್ಕದ ಜೋಡಿಯ ಗದ್ದಲ ಒಳಗೆ ಸೇರುತ್ತದೆ. ಇಂಥ ದೀಪದ ಟೆಸ್ಟರ್‌ಗೆ ಇದು ಕಾಣುವುದೇ ಇಲ್ಲ. ಅದು ತಂತಿ ಮುಟ್ಟಿದೆಯೋ ಇಲ್ಲವೋ ಅನ್ನುವುದನ್ನಷ್ಟೇ ಹೇಳುತ್ತದೆ.

ಪಿನ್‌ಗಳನ್ನು ಕತ್ತರಿಸಿ ಒಗೆದು, ಗೋಡೆಯ ಕಡೆ ಕೀಸ್ಟೋನ್ ಜಾಕ್, ಅಂದರೆ ಪ್ಲೇಟಿನಲ್ಲಿ ಕೂಡುವ ನೆಟ್ ಸಾಕೆಟ್, ಹಾಕಿಸಿದೆ. ಜಾಕ್ ಮೇಲೆ ಬಣ್ಣದ ಗುರುತು ಅಚ್ಚಾಗಿರುತ್ತದೆ. ಕಪಾಟಿನ ಕಡೆ ಕ್ರಮ ಸರಿ ಮಾಡಿದ ಹೊಸ ಪಿನ್ ಬಂತು. ಜೋಡಿಯ ಹುರಿಯನ್ನು ಅರ್ಧ ಇಂಚಿಗಿಂತ ಜಾಸ್ತಿ ಬಿಚ್ಚಬಾರದು ಅಂತ ಪಕ್ಕದಲ್ಲೇ ನಿಂತು ನೋಡಿಕೊಂಡೆ. ಅವತ್ತು ಹಸಿರಾದ ದೀಪ ಇವತ್ತಿಗೂ ಹಸಿರೇ ಇದೆ. ಒಂದು ಜಾಕ್‌ಗೆ ಇನ್ನೂರು ರೂಪಾಯಿಯೂ ಬೀಳಲಿಲ್ಲ. ಅಷ್ಟಕ್ಕೆ ಇವಳ ಎಷ್ಟು ಪಾಠ ಹಾಳಾದವು, ಎಷ್ಟು ಸಂಜೆ ಆ ಮಕ್ಕಳ ಮುಂದೆ ಮುಜುಗರವಾಯಿತು!

ಆದ್ದರಿಂದ ಟೆಸ್ಟರ್‌ನ ದೀಪ ನೋಡಿ ದುಡ್ಡು ಕೊಡಬೇಡಿ. ಪ್ರತಿ ಸಾಕೆಟ್ಟಿಗೂ ಲ್ಯಾಪ್‌ಟಾಪ್ ಸಿಕ್ಕಿಸಿ, 1,000 ಎಂಬಿಪಿಎಸ್ ಅಂತ ತೋರಿಸಿದ ಮೇಲೆ, ಒಂದು ಗಂಟೆ ದೊಡ್ಡ ಫೈಲ್ ಓಡಿಸಿ ನೋಡಿದ ಮೇಲೆ ಕೊನೆಯ ಕಂತು ಕೊಡಿ. ನೂರಕ್ಕೆ ಇಳಿಯಿತು ಅಂದರೆ ಎಂಟರಲ್ಲಿ ಯಾವುದೋ ಎಳೆಯಲ್ಲಿ ಏನೋ ಇದೆ. 100ಕ್ಕೆ ಎರಡೇ ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು.

ಗೌಂಡಿಯ ಕೂಲಿ, ಸ್ವಿಚ್, ಎರಡು ವೈಫೈ ಡಬ್ಬಿ, ಜಾಕ್, ಪೈಪ್ ಎಲ್ಲ ಸೇರಿ 40 ಸಾವಿರದ ಒಳಗೇ ಮುಗಿಯಿತು. ರ್‍ಯಾಕ್, ಪ್ಯಾಚ್ ಪ್ಯಾನೆಲ್ ಅಂತ ಆಫೀಸುಗಳಲ್ಲಿ ಸ್ವಿಚ್, ವೈರ್ ಜೋಡಿಸಿಡುವ ಚೌಕಟ್ಟುಗಳು ನಮ್ಮಂಥ ಮನೆಗೆ ಬೇಡ ಅನ್ನಿಸಿತು, ಈಗಲೂ ಹಾಗೇ ಅನ್ನಿಸುತ್ತದೆ. ಬಾಡಿಗೆ ಮನೆಯವರಿಗೆ, ಇಟ್ಟಿಗೆ ಗೋಡೆಯ ಎರಡು ಕೋಣೆಯ ಮನೆಯವರಿಗೆ ಒಂದು ಒಳ್ಳೆ ರೂಟರ್ ಸಾಕು.

ಒಂದು ಎಚ್ಚರಿಕೆ ಮಾತ್ರ ನಮ್ಮ ಬಿಸಿಲಿಗಾಗಿ. ಬಹಳಷ್ಟು ಮನೆ ಬಳಕೆಯ ಸ್ವಿಚ್‌ಗಳ ಮೇಲೆ 40 ಡಿಗ್ರಿವರೆಗೆ ಅಂತ ಬರೆದಿರುತ್ತದೆ. ಏಪ್ರಿಲ್‌ನಲ್ಲಿ ವಿಜಯಪುರದ ಗಾಳಿಯೇ 40 ದಾಟುತ್ತದೆ. ಬಡಿಗ ಕಪಾಟಿಗೆ ಪ್ಲೈವುಡ್ಡಿನ ಮುಚ್ಚಿದ ಬಾಗಿಲು ಕೂಡಿಸಿದ್ದ. ಮೊದಲ ಬೇಸಿಗೆಯಲ್ಲಿ ಸ್ವಿಚ್ ಮುಟ್ಟಿದರೆ ಕೈ ಸುಡುತ್ತಿತ್ತು. ಬಾಗಿಲಿನ ನಡುಭಾಗ ಕೊಯ್ಸಿ ಜಾಳಿಗೆ ಹಾಕಿಸಿದೆವು, ಈ ಬೇಸಿಗೆ ಆರಾಮಾಗಿ ಕಳೆಯಿತು.

ಬಾಕ್ಸಿನಲ್ಲಿ ಉಳಿದ ಕೇಬಲ್ಲನ್ನು ಜಲನಗರದಲ್ಲಿ ಮನೆ ಕಟ್ಟಿಸುತ್ತಿರುವ ನಮ್ಮ ಮಾಮಾನ ಮಗನಿಗೆ ಕೊಟ್ಟಿದ್ದೇನೆ. ಅವನ ಸ್ಲ್ಯಾಬ್ ಮುಂದಿನ ವಾರ. ಪೈಪ್ ಇಡುವ ದಿನ ನಾನೂ ಹೋಗುತ್ತೇನೆ.