‘ಕೆಜಿಎಫ್ ಬಂಗಲೆಯ ಮಾಲು’ ಎಂದು ಮಾರುವ ಹಳೆಯ ಮಾದರಿಯ ಪೀಠೋಪಕರಣಗಳ ಬಗ್ಗೆ ಎಚ್ಚರಿಕೆ

ಹಳೆಯ ಪೀಠೋಪಕರಣ ಹುಡುಕಿಕೊಂಡು ಕೋಲಾರ ಜಿಲ್ಲೆಯಲ್ಲಿ ಓಡಾಡುವವರಿಗೆ ‘ಇದು ಕೆಜಿಎಫ್ ಸಾಹೇಬರ ಬಂಗಲೆಯ ಮಾಲು’ ಎಂಬ ಮಾತು ಒಂದಲ್ಲ ಒಂದು ಕಡೆ ಕೇಳಿಸಬಹುದು. ಈ ಮಾತನ್ನು ಯಾರೂ ಸುಲಭವಾಗಿ ತಳ್ಳಿಹಾಕಲಾರರು ಎಂಬುದೇ ಅದರ ಅಪಾಯ. ಕೆಜಿಎಫ್ ಅಂದರೆ ಕೋಲಾರ ಗೋಲ್ಡ್ ಫೀಲ್ಡ್ಸ್. ಅಲ್ಲಿನ ಚಿನ್ನದ ಗಣಿಗಳು 1956ರಲ್ಲಿ ಮೈಸೂರು ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರ ಸರ್ಕಾರದ ಕೈಗೆ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯಾಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಧಿಕಾರಿಗಳ ಬಂಗಲೆಗಳು ಇದ್ದದ್ದು ನಿಜ, ಅವುಗಳಲ್ಲಿ ಒಳ್ಳೆಯ ಮರದ ಸಾಮಾನು ಇದ್ದದ್ದೂ ನಿಜ. ಆದರೆ ಅಂಗಡಿಯಲ್ಲಿರುವ ಕುರ್ಚಿ ಅಲ್ಲಿಂದಲೇ ಬಂತೆಂಬುದಕ್ಕೆ ಮಾರುವವನ ಮಾತಿನ ಹೊರತು ಬೇರೆ ಯಾವ ಆಧಾರವನ್ನೂ ಕೊಡುವುದಿಲ್ಲ.

ನಮ್ಮ ಮನೆಯ ಊಟದ ಕೋಣೆಗೆ 1950–60ರ ದಶಕದ ಶೈಲಿಯ, ಕೆಳಕ್ಕೆ ಸಣ್ಣಗಾಗುತ್ತ ಓರೆಯಾಗಿ ನಿಲ್ಲುವ ಕಾಲುಗಳ ಸಾಮಾನು ಬೇಕೆಂದು ನನ್ನ ಪತ್ನಿಗೂ ನನಗೂ ಬಹಳ ಕಾಲದಿಂದ ಆಸೆಯಿತ್ತು. ಜಿಲ್ಲೆಯದೇ ಒಂದು ಮಳಿಗೆಯಲ್ಲಿ ತೇಗದ ದುಂಡು ಮೇಜು, ಬೆತ್ತದ ಹೆಣಿಗೆಯ ನಾಲ್ಕು ಕುರ್ಚಿ, ಬೆತ್ತದ ಬಾಗಿಲಿನ ಒಂದು ಸೈಡ್‌ಬೋರ್ಡ್ (ತಟ್ಟೆ-ಲೋಟ ಇಡುವ ತಗ್ಗು ಕಪಾಟು) ಮತ್ತು ಹಿತ್ತಾಳೆಯ ಒಂದು ಮೇಜುದೀಪಕ್ಕೆ ಒಟ್ಟು 68,000 ರೂಪಾಯಿಗೆ ಮಾತಾಯಿತು. ನನ್ನ ದೂರು ಇನ್ನೂ ವಿಚಾರಣೆಯಲ್ಲಿರುವುದರಿಂದ ಮಳಿಗೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅರ್ಧ ಹಣವನ್ನು ಮುಂಗಡವಾಗಿ ಯುಪಿಐ ಮೂಲಕ ಕಳಿಸುವಂತೆ ಹೇಳಿದರು. ಆ ಖಾತೆ ಮಳಿಗೆಯದಲ್ಲ, ಒಬ್ಬ ವ್ಯಕ್ತಿಯದು. ರಸೀದಿ ಎಂದು ಕೊಟ್ಟದ್ದು ‘ಎಸ್ಟಿಮೇಟ್’ ಎಂದು ಬರೆದ ಚೀಟಿ. ಅದರಲ್ಲಿ ‘ಹಳೆ ತೇಗ, ಕೆಜಿಎಫ್’ ಎಂದು ಅವರದೇ ಅಕ್ಷರದಲ್ಲಿತ್ತು. ಪಾಲಿಶ್ ಮಾಡಿಸಿ ಕಳಿಸುತ್ತೇವೆ ಎಂದರು. ಕೆಲವು ವಾರಗಳ ಮೇಲೆ ಟೆಂಪೊದಲ್ಲಿ ಎಲ್ಲವೂ ಬಂದಿಳಿದಾಗ ಪಾಲಿಶ್ ದಟ್ಟವಾಗಿ, ಗಾಢ ಕಂದು ಬಣ್ಣದಲ್ಲಿ, ಮರದ ಗೆರೆಯೇ ಕಾಣದ ಹಾಗಿತ್ತು.

ಮಳೆಗಾಲ ಶುರುವಾದ ಮೇಲೆ ಕುರ್ಚಿಗಳ ಕೆಳಗೆ, ಎಷ್ಟು ಒರೆಸಿದರೂ ಮರುದಿನಕ್ಕೆ ಮೈದಾದಷ್ಟು ನುಣುಪಾದ ಪುಡಿ ಬೀಳತೊಡಗಿತು. ಇದು ಕುಟ್ಟೆಯ ಲಕ್ಷಣ. ಬಲಿತ ತೇಗದ ತಿರುಳಿಗೆ ಈ ಹುಳು ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಪಿಷ್ಟ ಹೆಚ್ಚಿರುವ ಬಿಳಿಮರ (ಕಾಂಡದ ಹೊರಭಾಗದ ಮರ), ಔಷಧ ಕೊಡದ ರಬ್ಬರ್ ಮರ ಇವೇ ಅದಕ್ಕೆ ಪ್ರಿಯ. ನಮ್ಮ ಬೀದಿಯ ಹಿರಿಯ ಆಚಾರಿಗಳನ್ನು ಕರೆಸಿದೆವು. ಅವರು ಕುರ್ಚಿಗಳನ್ನು ಒಂದೊಂದಾಗಿ ತಲೆಕೆಳಗು ಮಾಡಿ, ಒಳಮೂಲೆಯಲ್ಲಿ ಉಳಿಯಿಂದ ಸ್ವಲ್ಪ ಕೆರೆದು ನೋಡಿ, “ಸಾರ್, ಇದರಲ್ಲಿ ಒಂದೇ ಹಳೇದು, ಮಿಕ್ಕಿದ್ದೆಲ್ಲಾ ಹೊಸ ರಬ್ಬರ್ ಮರಕ್ಕೆ ಬಣ್ಣ ಕಟ್ಟಿರೋದು” ಎಂದರು. ನಾವು ಮಳಿಗೆಯಲ್ಲಿ ಕೂತು ನೋಡಿದ್ದು ಆ ಒಂದು ನಿಜವಾದ ಕುರ್ಚಿಯನ್ನು. ಉಳಿದವನ್ನು ‘ಗೋದಾಮಿನಲ್ಲಿವೆ’ ಎಂದಿದ್ದರು. ಇಡೀ ಮೋಸ ನಡೆದದ್ದು ಇದೊಂದರ ಮೇಲೆ. ಆದ್ದರಿಂದ ತೋರಿಸಿದ್ದನ್ನಷ್ಟೇ ಅಲ್ಲ, ಕಳಿಸುವ ಪ್ರತಿಯೊಂದು ವಸ್ತುವನ್ನೂ ಪಾಲಿಶ್ ಹಚ್ಚುವ ಮೊದಲೇ ಕಣ್ಣಾರೆ ನೋಡಿ, ಅಡಿಭಾಗದ ಫೋಟೊ ತೆಗೆದಿಟ್ಟುಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಪಾಲಿಶ್ ಹಚ್ಚುವ ನೆಪವೇ ವಸ್ತುವನ್ನು ಬದಲಿಸಲು ಸಿಗುವ ಅವಕಾಶ.

ಸೈಡ್‌ಬೋರ್ಡಿನ ಹಿಂಬದಿಯ ಹಲಗೆ ಎಂಡಿಎಫ್ ಆಗಿತ್ತು, ಅಂದರೆ ಮರದ ನಾರಿಗೆ ಅಂಟು ಸೇರಿಸಿ ಒತ್ತಿ ಮಾಡಿದ ಹಲಗೆ. 1960ರ ಸುಮಾರಿಗೆ ನಮ್ಮ ಬಡಗಿಗಳ ಕೈಗೆ ಎಂಡಿಎಫ್ ಬಂದೇ ಇರಲಿಲ್ಲ. ಕೀಲುಗಳಲ್ಲಿ ಎಲ್ಲವೂ ಪ್ಲಸ್ ಗುರುತಿನ ಹೊಳೆಯುವ ಸ್ಕ್ರೂಗಳು. ಆ ಕಾಲದ ಮರಗೆಲಸದಲ್ಲಿ ಸಾಮಾನ್ಯವಾಗಿ ಇರುತ್ತಿದ್ದದ್ದು ಒಂದೇ ಸೀಳಿನ ಸ್ಕ್ರೂ. ಒಂದೆರಡು ಹೊಸ ಸ್ಕ್ರೂ ಇದ್ದ ಮಾತ್ರಕ್ಕೆ ವಸ್ತು ನಕಲಿ ಎಂದು ತೀರ್ಮಾನಿಸಬಾರದು, ನಡುವೆ ರಿಪೇರಿ ಆಗಿರಬಹುದು. ಹಾಗೆಯೇ ವೆನಿಯರ್ (ಮರದ ತೆಳು ಹಾಳೆ) ಅಂಟಿಸಿದೆ ಎಂದ ಕೂಡಲೇ ಅನುಮಾನಿಸುವುದೂ ತಪ್ಪು, ಏಕೆಂದರೆ ಆಗಲೂ ಒಳ್ಳೆಯ ವೆನಿಯರ್ ಕೆಲಸ ನಡೆಯುತ್ತಿತ್ತು. ದುಂಡು ಮೇಜಿಗೆ ಆಚಾರಿಗಳು ಹೇಳಿದ ಪರೀಕ್ಷೆ ನನಗೆ ಬಹಳ ಹಿಡಿಸಿತು: ಮರ ಒಣಗುತ್ತ ಗೆರೆಯ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದು ಅತ್ಯಲ್ಪ, ಆದ್ದರಿಂದ ಹತ್ತಾರು ವರ್ಷ ಬಾಳಿದ ಗಟ್ಟಿ ಮರದ ದುಂಡು ಮೇಜನ್ನು ಎರಡೂ ದಿಕ್ಕಿಗೆ ಟೇಪು ಹಿಡಿದು ಅಳೆದರೆ ಅಳತೆಯಲ್ಲಿ ಸ್ವಲ್ಪವಾದರೂ ವ್ಯತ್ಯಾಸ ಕಾಣಬೇಕು. ನಮ್ಮದು ಎರಡೂ ಕಡೆ ಒಂದೇ ಇತ್ತು. ಸವೆತವನ್ನೂ ಗಮನಿಸಿ. ನಿಜವಾಗಿ ಬಳಸಿದ ಕುರ್ಚಿ ಕೈಯಿಡುವಲ್ಲಿ, ಮುಂಗಾಲಿನ ತುದಿಯಲ್ಲಿ ಸವೆದಿರುತ್ತದೆ. ಉಪ್ಪುಕಾಗದ ಉಜ್ಜಿ ಹಳೆಯದು ಮಾಡಿದ್ದು ಕೈ ತಾಗದ ಜಾಗದಲ್ಲೂ ಒಂದೇ ಸಮ ಸವೆದಿರುತ್ತದೆ.

ದೀಪದ ವಿಷಯ ಇನ್ನೂ ಗಂಭೀರ. ಅದು ನಿಜವಾಗಿಯೂ ಹಳೆಯದೇ ಇತ್ತು, ಬಟ್ಟೆ ಸುತ್ತಿದ ತಂತಿಯೂ ಹಳೆಯದೇ. ಒಳಗಿನ ರಬ್ಬರ್ ಒಣಗಿ ಉದುರಿ, ತಾಮ್ರ ಹಿತ್ತಾಳೆಗೆ ತಾಗುವಂತಿತ್ತು. ಅರ್ಥಿಂಗ್ ಇಲ್ಲದ ಎರಡು ಕಡ್ಡಿಯ ಪ್ಲಗ್ಗು. ಎಲೆಕ್ಟ್ರಿಷಿಯನ್ ಕಣ್ಣಿಗೆ ಬೀಳದೆ ಹೋಗಿದ್ದರೆ ಮನೆಯ ಮಕ್ಕಳು ಮುಟ್ಟುವ ವಸ್ತುವಾಗಿತ್ತು ಅದು. ಹಳೆಯ ದೀಪ, ರೇಡಿಯೊ, ಫ್ಯಾನು ಯಾವುದನ್ನೇ ತಂದರೂ ತಂತಿ ಬದಲಿಸದೆ ಗೋಡೆಯ ಪ್ಲಗ್ಗಿಗೆ ಹಾಕಲೇಬೇಡಿ.

ಹಳೆಯ ಶೈಲಿಯಲ್ಲಿ ಹೊಸದಾಗಿ ಮಾಡಿ ‘ಇದು ಹೊಸದು’ ಎಂದು ಹೇಳಿ ಮಾರುವವರ ಬಗ್ಗೆ ನನಗೆ ಗೌರವವಿದೆ. ಅಂಥ ಕೆಲಸ ಚೆನ್ನಾಗಿಯೇ ಬಾಳುತ್ತದೆ. ಸುಳ್ಳು ಚರಿತ್ರೆಯನ್ನು ಬೆಲೆಗೆ ಸೇರಿಸುವುದು ಬೇರೆಯೇ ಮಾತು. 1950ರ ದಶಕದಲ್ಲಿ ಸ್ವಿಸ್ ವಾಸ್ತುಶಿಲ್ಪಿ ಪಿಯೆರ್ ಜಾನರೆ ಅವರ ನೇತೃತ್ವದಲ್ಲಿ ಚಂಡೀಗಢದ ಸರ್ಕಾರಿ ಕಚೇರಿಗಳಿಗಾಗಿ ರೂಪಿಸಿದ ತೇಗ ಮತ್ತು ಬೆತ್ತದ ಕುರ್ಚಿಗಳು ವಿದೇಶದ ಹರಾಜುಗಳಲ್ಲಿ ಭಾರಿ ಬೆಲೆ ಕಂಡ ಮೇಲೆ, ಅವುಗಳ ಮೇಲಿದ್ದ ಇಲಾಖೆಯ ಅಕ್ಷರಗಳನ್ನು ಸಹ ನಕಲಿನ ಮೇಲೆ ಬಣ್ಣದಲ್ಲಿ ಬರೆಯುವುದು ನಡೆದಿದೆ. ಕೆಜಿಎಫ್ ಹೆಸರಿಗೂ ಈಗ ಅದೇ ಗತಿ ಬರುತ್ತಿರುವುದು ಈ ಜಿಲ್ಲೆಯವನಾದ ನನಗೆ ನೋವಿನ ಸಂಗತಿ.

ಸಾಮಾನು ವಾಪಸು ತೆಗೆದುಕೊಳ್ಳಿ ಎಂದಾಗ ಮಳಿಗೆಯವರು “ಹಳೇ ಮಾಲಿಗೆ ಗ್ಯಾರಂಟಿ ಇರಲ್ಲ ಸಾರ್” ಎಂದು ಫೋನ್ ಇಟ್ಟರು. ಆ ಮಾತಿಗೆ ಕಾನೂನಿನ ಬಲವಿಲ್ಲ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯ ಪ್ರಕಾರ ವಸ್ತುವಿನ ಗುಣಮಟ್ಟ, ಘಟಕಾಂಶ, ಶೈಲಿ ಇವುಗಳ ಬಗ್ಗೆ ಸುಳ್ಳು ಹೇಳಿ ಮಾರುವುದೂ ಬಿಲ್ಲು ಕೊಡದಿರುವುದೂ ಅನುಚಿತ ವ್ಯಾಪಾರ ಪದ್ಧತಿ. ಮಳಿಗೆ ಬೆಂಗಳೂರಿನದಾದರೂ ಕೋಲಾರದಲ್ಲಿ ವಾಸಿಸುವವರು ಕೋಲಾರದ ಜಿಲ್ಲಾ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ದೂರು ಕೊಡಲು ಇರುವ ಅವಧಿ 2 ವರ್ಷ. ಅದಕ್ಕೂ ಮುಂಚೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ ದೂರು ದಾಖಲಿಸಬಹುದು. ನಮ್ಮ ದೂರಿನ ಜೊತೆಗೆ ಆ ಎಸ್ಟಿಮೇಟ್ ಚೀಟಿ, ಯುಪಿಐ ವಿವರ, ತಲೆಕೆಳಗು ಮಾಡಿದ ಕುರ್ಚಿಗಳ ಫೋಟೊ ಮತ್ತು ಆಚಾರಿಗಳು ಬರೆದುಕೊಟ್ಟ ಹೇಳಿಕೆಯನ್ನು ಸೇರಿಸಿದ್ದೇವೆ. ಅಂಥ ಚೀಟಿ ನಿಮ್ಮ ಬಳಿಯೂ ಇದ್ದರೆ, ಅದರಲ್ಲಿ ‘ಕೆಜಿಎಫ್’ ಎಂದೋ ‘ತೇಗ’ ಎಂದೋ ಬರೆದಿದ್ದರೆ, ದಯವಿಟ್ಟು ಅದನ್ನು ಎಸೆಯಬೇಡಿ.